ಕಪ್ಪು ಟೀ ಶರ್ಟ್ ಮೇಲೆ ಹಳದಿ ತರಿಸೋದು

ಟೀ ಶರ್ಟ್ ಮೇಲೆ ಸ್ಕ್ರೀನ್ ಪ್ರಿಂಟ್ ಮಾಡುವ ನಮ್ಮ ಲೈನಿನಲ್ಲಿ ಸೀಸನ್ ಅಂದರೆ ಅಕ್ಟೋಬರ್. ನವೆಂಬರ್ 1ಕ್ಕೆ ರಾಜ್ಯೋತ್ಸವ. ಬೀದಿ ಸಂಘದವರು, ಆಟೋ ಸ್ಟ್ಯಾಂಡಿನವರು, ಈಗೀಗ ಐಟಿ ಕಂಪನಿಗಳ ಕನ್ನಡ ಬಳಗದವರು, ಎಲ್ಲರಿಗೂ ಟೀ ಶರ್ಟ್ ಬೇಕು. ಎಲ್ಲರಿಗೂ ಅಕ್ಟೋಬರ್ ಮುಗಿಯೋದರೊಳಗೇ ಬೇಕು. ಬೆಂಗಳೂರಿನ ಕಾಮಾಕ್ಷಿಪಾಳ್ಯದ ನಮ್ಮ ಪುಟ್ಟ ಯೂನಿಟ್ಟಿನಲ್ಲಿ ಇಷ್ಟು ವರ್ಷ ಈ ಕೆಲಸವೆಲ್ಲ ಪ್ಲಾಸ್ಟಿಸಾಲ್ ಇಂಕಿನಲ್ಲೇ ನಡೆದುಕೊಂಡು ಬಂದಿತ್ತು. ಹೋದ ಸೀಸನ್ನಿನಲ್ಲಿ ಒಂದು ಬಳಗದವರು ಬಂದು ಕಪ್ಪು ಟೀ ಶರ್ಟ್ ಕೇಳಿದರು. ಎದೆ ಮೇಲೆ ಹಳದಿ, ಕೆಂಪಿನಲ್ಲಿ ದೊಡ್ಡದಾಗಿ ‘ಸಿರಿಗನ್ನಡಂ ಗೆಲ್ಗೆ’ ಅಂತ ಇರಬೇಕು. ಜೊತೆಗೆ ಒಂದು ಷರತ್ತು: ಸವರಿದರೆ ಪ್ರಿಂಟ್ ಕೈಗೆ ಸಿಗಬಾರದು.

ಯಾಕೆ ಹಾಗೆ ಕೇಳಿದರು ಅಂತ ನಮಗೆ ಗೊತ್ತು. ಪ್ಲಾಸ್ಟಿಸಾಲ್ ಅಂದರೆ ಪಿವಿಸಿ ಪುಡಿಯನ್ನು ಎಣ್ಣೆಯಂಥ ಪ್ಲಾಸ್ಟಿಸೈಸರಿನಲ್ಲಿ ಕಲಸಿದ ಇಂಕು. ಅದರಲ್ಲಿ ನೀರೇ ಇಲ್ಲ, ಹಾಗಾಗಿ ಸುಮ್ನೆ ಇಟ್ಟರೆ ಒಣಗಲ್ಲ. ರಾತ್ರಿ ಸ್ಕ್ರೀನಿನಲ್ಲೇ, ಅಂದರೆ ಚೌಕಟ್ಟಿಗೆ ಬಿಗಿದ ಜಾಲರಿ ಬಟ್ಟೆಯಲ್ಲೇ, ಬಿಟ್ಟು ಹೋದರೂ ಬೆಳಿಗ್ಗೆ ಬಂದು ಸ್ಕ್ವೀಜಿ ಅನ್ನುವ ರಬ್ಬರ್ ಪಟ್ಟಿಯಿಂದ ಎಳೆಯಬಹುದು. 160 ಡಿಗ್ರಿ ಆಸುಪಾಸಿನ ಶಾಖ ಸಿಕ್ಕಿದರೆ ಬೆಸೆದುಕೊಂಡು ಒಂದೇ ಪದರ ಆಗುತ್ತದೆ, ಶಾಖದಲ್ಲಿ ಹೀಗೆ ಇಂಕು ಗಟ್ಟಿ ಮಾಡೋದಕ್ಕೆ ‘ಕ್ಯೂರ್’ ಅನ್ನುತ್ತೇವೆ. ಬಟ್ಟೆಯ ಬಣ್ಣ ಯಾವುದೇ ಇರಲಿ, ಅದನ್ನು ಮುಚ್ಚಿ ಮೇಲೆ ಕೂರುತ್ತದೆ. ಪ್ರಿಂಟ್ ಮಾಡುವವರಿಗೆ ಇಷ್ಟು ಸುಖದ ಇಂಕು ಇನ್ನೊಂದಿಲ್ಲ. ಕಷ್ಟ ಏನಿದ್ದರೂ ಹಾಕಿಕೊಳ್ಳುವವರದು. ಎದೆ ತುಂಬ ಪ್ರಿಂಟ್ ಇದ್ದರೆ ಅಲ್ಲಿ ಗಾಳಿ ಆಡಲ್ಲ. ಅದರ ಮೇಲೆ ನೇರವಾಗಿ ಇಸ್ತ್ರಿ ಇಟ್ಟರೆ ಇಂಕು ಪೆಟ್ಟಿಗೆಗೆ ಅಂಟಿಕೊಂಡು ಬರುತ್ತದೆ. ಮಧ್ಯಾಹ್ನದ ಬಿಸಿಲಲ್ಲಿ ಅಂಥ ಶರ್ಟ್ ಹಾಕಿಕೊಂಡು ಮೆರವಣಿಗೆಯಲ್ಲಿ ಕುಣಿದವರನ್ನು ಕೇಳಿ ನೋಡಿ.

ವಾಟರ್ ಬೇಸ್ ಇಂಕು ನಮಗೆ ಹೊಸದೇನಲ್ಲ. ಬಿಳಿ, ತಿಳಿ ಬಣ್ಣದ ಶರ್ಟುಗಳಿಗೆ ಬಳಸುತ್ತಲೇ ಇದ್ದೆವು. ಪಿಗ್ಮೆಂಟ್ ಅಂದರೆ ಬಣ್ಣದ ಪುಡಿ, ಬೈಂಡರ್ ಅಂದರೆ ಅಂಟು, ಮತ್ತೆ ನೀರು, ಇಷ್ಟೇ ಅದರ ಮುಖ್ಯ ಸಾಮಾನು. ಇಂಕು ನೂಲಿನೊಳಗೆ ಇಳಿಯುತ್ತದೆ, ಶಾಖಕ್ಕೆ ನೀರು ಆವಿಯಾಗುತ್ತದೆ, ಬೈಂಡರ್ ಪಿಗ್ಮೆಂಟನ್ನು ನೂಲಿಗೆ ಹಿಡಿದಿಡುತ್ತದೆ. ಸವರಿ ನೋಡಿದರೆ ಬಟ್ಟೆಯೇ ಕೈಗೆ ಸಿಗುತ್ತದೆ. ಆದರೆ ಈ ಇಂಕಿನ ಆಚೆ ಇರುವುದು ಕಾಣುತ್ತದೆ. ಕಪ್ಪಿನ ಮೇಲೆ ಹಳದಿ ಎಳೆದರೆ ಕಪ್ಪೇ ಕಾಣುತ್ತದೆ, ಹಳದಿ ಎಲ್ಲಿ ಹೋಯಿತು ಅಂತ ಹುಡುಕಬೇಕು. ಬೇಕಿದ್ದರೆ ಖಾದಿ ಪೇಸ್ಟ್, ರಬ್ಬರ್ ಪೇಸ್ಟ್ ಹಾಕಿ ಮುಚ್ಚಬಹುದು. ಅವೂ ನೀರಿನವೇ. ಆದರೆ ಅಲ್ಲೂ ಮತ್ತೆ ಪದರವೇ, ಮತ್ತೆ ಕೈಗೆ ಸಿಗುತ್ತದೆ. ಉಳಿದ ದಾರಿ ಡಿಸ್ಚಾರ್ಜ್. ಅಂದರೆ ಬಟ್ಟೆಯಲ್ಲಿರುವ ಕಪ್ಪನ್ನೇ ತೆಗೆದು, ಅದೇ ಹೊತ್ತಿಗೆ ಆ ಜಾಗದಲ್ಲಿ ಹಳದಿ ಕೂರಿಸೋದು.

ರೇಷ್ಮೆ ಸೀರೆ ಪ್ರಿಂಟ್ ಮಾಡುವವರಿಗೆ ಇದು ಹಳೇ ವಿದ್ಯೆ. ಅವರು ಪೇಸ್ಟಿಗೆ ರೊಂಗಲೈಟ್ ಅನ್ನುವ ಬಣ್ಣ ತೆಗೆಯುವ ರಾಸಾಯನಿಕ ಕಲಸಿ, ಪ್ರಿಂಟ್ ಮಾಡಿ, ಸ್ಟೀಮ್ ಕೊಡುತ್ತಾರೆ. ಟೀ ಶರ್ಟಿಗೆ ಹೆಚ್ಚಾಗಿ ಬಳಸೋದು ಅದರ ಜಿಂಕ್ ಸಂಬಂಧಿ, ಜಿಂಕ್ ಫಾರ್ಮಾಲ್ಡಿಹೈಡ್ ಸಲ್ಫಾಕ್ಸಿಲೇಟ್ ಅನ್ನುವ ಬಿಳಿ ಪುಡಿ. ನಮ್ಮಲ್ಲಿ ಅಷ್ಟುದ್ದ ಯಾರೂ ಹೇಳಲ್ಲ, ‘ಏಜೆಂಟ್’ ಅಷ್ಟೇ. ಶಾಖ, ತೇವ ಎರಡೂ ಒಟ್ಟಿಗೆ ಸಿಕ್ಕಿದಾಗ ಅದು ಕೆಲಸ ಶುರು ಮಾಡುತ್ತದೆ. ಬಣ್ಣದ ಅಣುವಿನಲ್ಲಿ ಎರಡು ನೈಟ್ರೋಜನ್ ಸೇರಿ ಆಗಿರುವ ಅಜೋ ಕೊಂಡಿ ಇರುತ್ತದಲ್ಲ, ಅದನ್ನು ಮುರಿಯುತ್ತದೆ. ಕೊಂಡಿ ಮುರಿದರೆ ಬಣ್ಣ ಹೋಯಿತು. ಇಂಕಿನಲ್ಲಿರುವ ಪಿಗ್ಮೆಂಟ್ ಮಾತ್ರ ಇದಕ್ಕೆ ಜಗ್ಗಬಾರದು. ಅಂಥದ್ದನ್ನೇ ಆರಿಸಿ ತರಬೇಕು.

ಆರ್ಡರ್ ಒಪ್ಪಿಕೊಳ್ಳುವ ಮೊದಲು ನಮ್ಮ ಪ್ರಿಂಟಿಂಗ್ ಮಾಸ್ಟರನ್ನು ಕೇಳಿದೆ. ತಮಿಳುನಾಡಿನ ತಿರುಪ್ಪೂರಿನಲ್ಲಿ ಬಹಳ ವರ್ಷ ಪ್ರಿಂಟಿಂಗ್ ಬೋರ್ಡ್ ಮುಂದೆ ನಿಂತು ಬಂದವರು. ನಾನು ಇಂಕಿನ ರೇಟ್ ಹಿಡಿದುಕೊಂಡು ಹೋದರೆ ಅವರು ಅದನ್ನು ನೋಡಲೇ ಇಲ್ಲ.

“ಇಂಕು ಆಮೇಲೆ ಮೇಡಂ. ಶರ್ಟಿಗೆ ಯಾವ ಡೈ ಹಾಕಿದ್ದಾರೆ ಅದನ್ನ ಕೇಳಿ ಮೊದಲು.”

“ಕಪ್ಪು ಅಂದ್ರೆ ಕಪ್ಪೇ ಅಲ್ವಾ ಮಾಸ್ಟರ್?”

“ಕಣ್ಣಿಗೆ ಕಪ್ಪು. ಓವನ್ನಿಗೆ ಹೋದ ಮೇಲೆ ಗೊತ್ತಾಗುತ್ತೆ ಯಾರು ಯಾರು ಅಂತ.”

ಈ ಕೆಲಸದ ಅರ್ಧ ಪಾಠ ಇಷ್ಟರಲ್ಲೇ ಮುಗಿದಿತ್ತು, ಗೊತ್ತಾಗೋಕೆ ನನಗೆ ಸ್ವಲ್ಪ ಹೊತ್ತು ಬೇಕಾಯಿತು. ನೂರಕ್ಕೆ ನೂರು ಕಾಟನ್, ಅದಕ್ಕೆ ಹತ್ತಿ ನೂಲಿಗೇ ಬೆಸೆದುಕೊಳ್ಳುವ ರಿಯಾಕ್ಟಿವ್ ಡೈ, ಅದರಲ್ಲೂ ಅಜೋ ಜಾತಿಯದು, ಹೀಗಿದ್ದರೆ ಡಿಸ್ಚಾರ್ಜ್ ಆಗುತ್ತದೆ. ಪಾಲಿಯೆಸ್ಟರ್ ಬೆರೆತಿದ್ದರೆ ಆ ಎಳೆಗಳು ಹಾಗೇ ಉಳಿದು ಅಚ್ಚು ಮಂಕಾಗುತ್ತದೆ. ಸಲ್ಫರ್ ಬ್ಲ್ಯಾಕ್ ಅನ್ನುವ ಡೈ ಹಾಕಿದ ಬಟ್ಟೆಯದು ಇನ್ನೊಂದು ಕಥೆ. ಅದು ಏಜೆಂಟ್ ತಾಗಿದಾಗ ಕರಗುವ ರೂಪಕ್ಕೆ ಹೋಗುತ್ತದೆ, ಆಮೇಲೆ ಗಾಳಿ ಕುಡಿದು ವಾಪಸ್ ಕಪ್ಪಾಗುತ್ತದೆ. ಟರ್ಕ್ವಾಯ್ಸ್, ರಾಯಲ್ ಬ್ಲೂ, ನೇರಳೆ, ಕೆಲವು ಹಸಿರುಗಳು ಹೆಚ್ಚಿನ ಸಲ ಒಗ್ಗಲ್ಲ. ಅವುಗಳ ಡೈ ಬೇರೆ ಕಟ್ಟಿನವು, ಮುರಿಯೋಕೆ ಅಜೋ ಕೊಂಡಿಯೇ ಇರಲ್ಲ. ಇಷ್ಟೆಲ್ಲ ಲೇಬಲ್ಲಿನಲ್ಲಿ ಬರೆದಿರಲ್ಲ. ಅಂಗಡಿಯವರಿಗೂ ಗೊತ್ತಿರಲ್ಲ, ‘ಬಯೋವಾಶ್, 180 ಜಿಎಸ್‌ಎಂ, ಸೂಪರ್ ಕ್ವಾಲಿಟಿ’ ಅಂತ ಮಾತ್ರ ಹೇಳುತ್ತಾರೆ. ಒಬ್ಬರು ನನ್ನೆದುರೇ ಶರ್ಟಿನ ಅಂಚಿಗೆ ಬ್ಲೀಚ್ ತೊಟ್ಟಿಕ್ಕಿ, ಅದು ಕಿತ್ತಳೆ ತಿರುಗಿದ್ದನ್ನು ತೋರಿಸಿ, “ನೋಡಿ, ಬಣ್ಣ ಬಿಡುತ್ತೆ” ಅಂದರು. ಬ್ಲೀಚಿನ ಕೆಲಸವೇ ಬೇರೆ. ಅದು ಆಕ್ಸಿಡೈಸ್ ಮಾಡಿ ಬಣ್ಣ ಕೆಡಿಸುತ್ತದೆ, ನಮ್ಮ ಪುಡಿ ಅದರ ಉಲ್ಟಾ, ರೆಡ್ಯೂಸ್ ಮಾಡುತ್ತದೆ. ಬ್ಲೀಚಿಗೆ ಬಿಟ್ಟುಕೊಟ್ಟ ಬಣ್ಣ ಇದಕ್ಕೂ ಬಿಟ್ಟುಕೊಡುತ್ತದೆ ಅಂತ ಏನೂ ಇಲ್ಲ.

ನಂಬೋದಾದರೆ ಒಂದೇ ಟೆಸ್ಟ್. ನಾಲ್ಕೈದು ಕಡೆಯಿಂದ ಒಂದೊಂದು ಶರ್ಟ್ ತರಿಸಿದೆವು. ಬಣ್ಣ ಹಾಕದ ಬರೀ ಇಂಕಿನ ಬೇಸ್‌ಗೆ ಏಜೆಂಟ್ ಕಲಸಿ, ಒಂದು ಚೌಕ ಎಳೆದು, ಹೀಟ್ ಪ್ರೆಸ್ಸಿನ ತಟ್ಟೆಯನ್ನು ಮೊದಲು ತಾಗಿಯೂ ತಾಗದ ಹಾಗೆ ಮೇಲೆ ಹಿಡಿದು, ಆಮೇಲೆ ಒತ್ತಿದೆವು. ಒಂದರಲ್ಲಿ ಚೌಕ ಕೆನೆ ಬಣ್ಣಕ್ಕೆ ಬಂತು. ಇನ್ನೊಂದರಲ್ಲಿ ಇಟ್ಟಿಗೆ ಕಂದು. ಒಂದಂತೂ ಏನೂ ಆಗದ ಹಾಗೆ ಕಪ್ಪಾಗೇ ಕೂತಿತ್ತು. ಕೆನೆ ಬಣ್ಣಕ್ಕಿಂತ ಬೆಳ್ಳಗೆ ಬರೋದು ಕಷ್ಟ, ಯಾಕೆಂದರೆ ಕೊನೆಗೆ ಕಾಣೋದು ಡೈ ಬೀಳುವ ಮೊದಲಿದ್ದ ಹತ್ತಿಯ ಬಣ್ಣ. ನಮಗೆ ಹಳದಿ, ಕೆಂಪು ಬೇಕಾಗಿದ್ದು ಅನುಕೂಲವೇ ಆಯಿತು. ಕೆನೆ ಮೇಲೆ ಹಳದಿ ಇನ್ನೂ ಬೆಚ್ಚಗೆ ಕಾಣುತ್ತದೆ.

ಆಮೇಲೆ ಅಕ್ಷರದ ಪಾಡು. ಇಂಗ್ಲಿಷ್ ದಪ್ಪಕ್ಷರ ಎಳೆಯೋದಕ್ಕೂ ಕನ್ನಡ ಎಳೆಯೋದಕ್ಕೂ ವ್ಯತ್ಯಾಸ ಇದೆ. ಬಳಗದವರು ಕಳಿಸಿದ ಫಾಂಟ್ ತುಂಬ ದಪ್ಪ. ‘ಗೆಲ್ಗೆ’ಯ ಒತ್ತು ಮೇಲಿನ ಅಕ್ಷರಕ್ಕೆ ಒತ್ತಿಕೊಂಡಿತ್ತು. ‘ಡಂ’ ಸೊನ್ನೆಯ ಹೊಟ್ಟೆಯೊಳಗೆ ಕಂಡೂ ಕಾಣದಷ್ಟು ಜಾಗ. ಪ್ಲಾಸ್ಟಿಸಾಲ್ ಆಗಿದ್ದರೆ ಹೇಗೋ ನಿಲ್ಲುತ್ತಿತ್ತು. ನೀರಿನ ಇಂಕು ಬಟ್ಟೆಯೊಳಗೆ ಎಲ್ಲ ಕಡೆಗೂ ಸ್ವಲ್ಪ ಹರಿಯುತ್ತದೆ, ಡಿಸ್ಚಾರ್ಜಿನಲ್ಲಿ ಹರಿದಷ್ಟೂ ಜಾಗದ ಕಪ್ಪು ಹೋಗುತ್ತದೆ. ಸ್ಯಾಂಪಲ್ ಹೊರಬಂದಾಗ ಸೊನ್ನೆ ಒಂದು ಹಳದಿ ಬೊಟ್ಟು. ಒತ್ತು ಎಲ್ಲಿ ಮುಗಿಯಿತು, ಅಕ್ಷರ ಎಲ್ಲಿ ಶುರುವಾಯಿತು ಅಂತ ತಿಳಿಯುತ್ತಿರಲಿಲ್ಲ. ಆರ್ಟ್‌ವರ್ಕ್ ತೆರೆದು ಒತ್ತುಗಳನ್ನು ಕೆಳಗೆ ಇಳಿಸಿದೆ. ಸೊನ್ನೆಯ ಒಳಗಿನ ಜಾಗ ದೊಡ್ಡದು ಮಾಡಿದೆ, ಗೆರೆಯನ್ನೇ ಒಂಚೂರು ತೆಳ್ಳಗೆ ಮಾಡಿದೆ. ಫಿಲ್ಮಿನಲ್ಲಿ ನೋಡಿದರೆ ಬಡಕಲಾಗಿ ಕಾಣುತ್ತಿತ್ತು. ಬಟ್ಟೆ ಮೇಲೆ ಬಂದಾಗ ಸರಿಯಾಗಿ ತುಂಬಿಕೊಂಡಿತು.

ಸ್ಕ್ರೀನಿನ ಜಾಲರಿ ಮೆಶ್ಶು 55ಟಿ ಹಾಕಿದೆವು, ಅಂದರೆ ಸೆಂಟಿಮೀಟರಿಗೆ 55 ಎಳೆ. 77ಟಿ ಹಾಕಿದರೆ ಅಂಚು ಇನ್ನೂ ಚೂಪಾಗಿ ಬರುತ್ತದೆ, ಆದರೆ ನೂಲಿನ ಆಳದ ಕಪ್ಪು ತೆಗೆಯುವಷ್ಟು ಇಂಕು ಇಳಿಯಲ್ಲ. ಡಿಸೈನ್ ಬಿಟ್ಟು ಉಳಿದ ಮೆಶ್ಶನ್ನು ಮುಚ್ಚುವ ಲೇಪ, ಎಮಲ್ಷನ್, ವಾಟರ್ ರೆಸಿಸ್ಟೆಂಟ್ ಇರಲೇಬೇಕು. ಪ್ಲಾಸ್ಟಿಸಾಲಿಗೆ ಬಳಸುವ ಮಾಮೂಲಿದು ನೀರಿನ ಇಂಕಿನ ಜೊತೆ ಮೆತ್ತಗಾಗಿ, ಮಧ್ಯಾಹ್ನದ ಹೊತ್ತಿಗೆ ಸೂಜಿ ಮೊನೆಯಷ್ಟು ತೂತು ಬಿಡೋಕೆ ಶುರು ಮಾಡುತ್ತದೆ. ಎಕ್ಸ್‌ಪೋಸ್ ಆದ ಮೇಲೆ, ಅಂದರೆ ಬೆಳಕಿಗೆ ಹಿಡಿದು ಡಿಸೈನ್ ಮೂಡಿಸಿದ ಮೇಲೆ, ಹಾರ್ಡನರ್ ಒರೆಸಿ, ಮತ್ತೊಮ್ಮೆ ಬೆಳಕಿಗೆ ಹಿಡಿದು ಗಟ್ಟಿ ಮಾಡಿಕೊಂಡೆವು.

ಇಂಕು ಕಲಸುವ ದಿನ ಮಾಸ್ಟರ್ ತೂಕದ ಮಷೀನ್ ಬಿಟ್ಟು ಕದಲಲಿಲ್ಲ. ಒಂದು ಕೆಜಿ ಇಂಕಿನ ಬೇಸ್‌ಗೆ ಏಜೆಂಟ್ 60 ಗ್ರಾಂ. ಪಿಗ್ಮೆಂಟ್ ಹಳದಿಗೆ ಒಂದು ಲೆಕ್ಕ, ಕೆಂಪಿಗೆ ಇನ್ನೊಂದು. ಹಾಗಂತ ಎರಡೂ ನೂರು ಗ್ರಾಂ ದಾಟಬಾರದು. ಪಿಗ್ಮೆಂಟ್ ಜಾಸ್ತಿಯಾದರೆ ಬೈಂಡರಿಗೆ ಹಿಡಿದಿಡೋಕೆ ಆಗಲ್ಲ. ಪುಡಿಯನ್ನು ಒಮ್ಮೆಲೇ ಸುರಿಯದೆ ಸ್ವಲ್ಪ ಸ್ವಲ್ಪವೇ ಹಾಕಿ, ಗಂಟಿಲ್ಲದೆ ಗಟ್ಟಿ ಮೊಸರಿನ ಹದಕ್ಕೆ ತಂದು, ನೈಲಾನ್ ಬಟ್ಟೆಯಲ್ಲಿ ಸೋಸಿದರು. ಏಜೆಂಟ್ ಬಿದ್ದ ಮೇಲೆ ಆ ಇಂಕಿಗೆ ಆಯಸ್ಸು ಆರೆಂಟು ಗಂಟೆ, ಅಷ್ಟೇ. ನಾಳೆಗೆ ಅಂತ ಎತ್ತಿಟ್ಟರೆ ಶಕ್ತಿ ಹೋಗಿರುತ್ತದೆ. ಹಾಗಾಗಿ ಬೆಳಿಗ್ಗೆ ಒಂದು ಸಲ, ಊಟ ಆದ ಮೇಲೆ ಒಂದು ಸಲ, ಬೇಕಾದಷ್ಟೇ ಕಲಸಿದೆವು.

ಪ್ರಿಂಟ್ ಶುರುವಾದ ಕೂಡಲೇ ಹುಡುಗರ ಜೊತೆ ಜಗಳ. ಅಕ್ಟೋಬರಿನ ಒಂಥರಾ ಸೆಕೆ, ಅದರ ಮೇಲೆ ಓವನ್ನಿನ ಕಾವು. ಮಾಸ್ಟರ್ ಬಂದವರೇ ಫ್ಯಾನ್ ಆಫ್ ಮಾಡಿದರು. “ಅಕ್ಕಾ, ಇದೇನು ನಮ್ಮನ್ನೂ ಕ್ಯೂರ್ ಮಾಡ್ತೀರಾ?” ಅಂತ ಒಬ್ಬ ಕೇಳಿದ. ಆದರೆ ಫ್ಯಾನ್ ಗಾಳಿ ಬಿದ್ದರೆ ಇಂಕು ಮೆಶ್ಶಿನ ಕಣ್ಣಲ್ಲೇ ಒಣಗುತ್ತದೆ. ಮೊದಲು ಜಾಮ್ ಆಗೋದು ಸೊನ್ನೆ ಸುತ್ತಿನ ತೆಳು ಗೆರೆಗಳೇ. ಪ್ರತಿ ಶರ್ಟ್ ಎಳೆದ ತಕ್ಷಣ ಸ್ಕ್ರೀನ್ ಎತ್ತಿ, ಸ್ಕ್ವೀಜಿಯಿಂದ ಇಂಕನ್ನು ಡಿಸೈನ್ ಮೇಲೆ ಹಾಸಿ ಬಿಡಬೇಕು. ಮೆಶ್ಶು ಬರಿದಾಗಿ ನಿಲ್ಲಬಾರದು. ಪಕ್ಕದಲ್ಲಿ ನೀರಿನ ಸ್ಪ್ರೇ ಬಾಟಲ್. ಫೋನ್ ಬಂತು, ಟೀ ಬಂತು ಅಂತ ಸ್ಕ್ರೀನ್ ಹಾಗೇ ಬಿಟ್ಟು ಹೋಗುವ ಹಾಗಿಲ್ಲ. ಪ್ಲಾಸ್ಟಿಸಾಲಿನಲ್ಲಿ ಬೆಳೆದ ಕೈಗೆ ಈ ಶಿಸ್ತು ಬರೋದು ನಿಧಾನ.

ಇನ್ನೊಂದು ವಿಚಿತ್ರ ಏನೆಂದರೆ, ಎಳೆದಾಗ ಏನೂ ಕಾಣಲ್ಲ. ಕಪ್ಪು ಬಟ್ಟೆ ಮೇಲೆ ಒದ್ದೆ ಗುರುತು ಮಾತ್ರ. ಹಳದಿಯೂ ಮಬ್ಬು, ಕೆಂಪೂ ಮಬ್ಬು. ಎರಡೂ ಬಣ್ಣ ಸರಿಯಾಗಿ ಕೂತಿವೆಯಾ ಅಂತ ನೋಡಬೇಕಾದರೆ ಬಗ್ಗಿ, ಟ್ಯೂಬ್‌ಲೈಟಿನ ಹೊಳಪು ಒದ್ದೆ ಮೇಲೆ ಬೀಳುವ ಹಾಗೆ ಓರೆಗಣ್ಣಲ್ಲಿ ನೋಡಬೇಕು. ಬೋರ್ಡಿನಿಂದ ಎತ್ತಿದ ಶರ್ಟ್ ನೇರ ಓವನ್ನಿನ ಬೆಲ್ಟಿಗೆ ಹೋಗಬೇಕು. ಪಕ್ಕದಲ್ಲಿ ಪೇರಿಸಿಟ್ಟು ಒಟ್ಟಿಗೆ ಬಿಡೋಣ ಅಂದರೆ ಅಷ್ಟರಲ್ಲಿ ಒಣಗುತ್ತದೆ, ತೇವ ಇಲ್ಲದೆ ಏಜೆಂಟ್ ಪೂರ್ತಿ ಕೆಲಸ ಮಾಡಲ್ಲ. ಅದೇ ಕಾರಣಕ್ಕೆ ಮಧ್ಯೆ ಫ್ಲ್ಯಾಶ್, ಅಂದರೆ ಒಂದು ಬಣ್ಣ ಎಳೆದು ಇನ್ನೊಂದು ಎಳೆಯುವ ಮೊದಲು ಒಣಗಿಸುವ ಶಾಖ, ಕೊಡೋ ಹಾಗೂ ಇಲ್ಲ.

ಓವನ್ನಿನ ಆ ಕಡೆ ನಿಂತರೆ ಮಾತ್ರ ಇದೆಲ್ಲ ಮರೆತುಹೋಗುತ್ತದೆ. ಕಪ್ಪಾಗಿ ಒಳಗೆ ಹೋದ ಶರ್ಟ್ ಹಬೆ ಬಿಡುತ್ತಾ ಹೊರಗೆ ಬರುತ್ತದೆ, ಎದೆ ಮೇಲೆ ಹಳದಿ ಎದ್ದಿರುತ್ತದೆ. ಎಷ್ಟು ಸಲ ನೋಡಿದರೂ ಹುಡುಗರು ಅಲ್ಲಿಗೇ ಬಂದು ನಿಲ್ಲುತ್ತಿದ್ದರು. ಬೆಲ್ಟ್ ನಿಧಾನ ಮಾಡಿ, ಶರ್ಟ್ ಒಳಗೆ ಎರಡೂವರೆ ನಿಮಿಷ ಇರುವ ಹಾಗೆ ಇಟ್ಟಿದ್ದೆವು. ಶಾಖ 160 ಡಿಗ್ರಿ. ಅದೂ ಮಷೀನಿನ ಡಿಸ್ಪ್ಲೇ ತೋರಿಸುವ 160 ಅಲ್ಲ, ಟೆಂಪರೇಚರ್ ಗನ್ ಹಿಡಿದಾಗ ಪ್ರಿಂಟ್ ಮೇಲೆ ಸಿಗುವ 160. ಮೊದಲ ಅರ್ಧ ಹೊತ್ತು ನೀರು ಓಡಿಸೋದರಲ್ಲೇ ಹೋಗುತ್ತದೆ, ಬೈಂಡರ್ ಹಿಡಿಯೋದು ಅದಾದ ಮೇಲೆ. ಪ್ಲಾಸ್ಟಿಸಾಲಿಗೆ ಸಾಕಾಗುತ್ತಿದ್ದ ಸ್ಪೀಡ್ ಇಲ್ಲಿ ನಡೆಯಲ್ಲ. ದಿನಕ್ಕೆ ಇಳಿಯುವ ಪೀಸ್ ಅರ್ಧಕ್ಕೆ ಬಂತು, ಕರೆಂಟ್ ಬಿಲ್ ಏರಿತು.

ವಾಸನೆ ಬಗ್ಗೆ ಹೇಳಲೇಬೇಕು. ಕೊಳೆತ ಮೊಟ್ಟೆ, ಗಂಧಕ ಎರಡೂ ಸೇರಿದ ವಾಸನೆ. ಏಜೆಂಟ್ ಒಡೆಯುವಾಗ ಫಾರ್ಮಾಲ್ಡಿಹೈಡೂ ಬರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲಿ ಅದನ್ನು ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಸೇರಿಸಿದೆ. ಬಟ್ಟೆ ಮಾಸ್ಕ್ ಇದಕ್ಕೆ ತಡೆಯಲ್ಲ, ಗ್ಯಾಸಿಗೆ ಅಂತಲೇ ಬರುವ ಕಾರ್ಟ್ರಿಡ್ಜ್ ಮಾಸ್ಕ್ ಬೇಕು. ಓವನ್ನಿನ ಎರಡೂ ಬಾಯಿಗೆ ಹುಡ್ ಕೂರಿಸಿ, ಎಗ್ಸಾಸ್ಟ್ ಪೈಪನ್ನು ತಾರಸಿ ಮೇಲಕ್ಕೆ ಒಯ್ದ ಮೇಲೇ ಕೆಲಸ ಶುರು ಮಾಡಿದ್ದು. ಆ ಖರ್ಚನ್ನು ಉಳಿಸಿ ಡಿಸ್ಚಾರ್ಜ್ ಮಾಡುವ ಯೂನಿಟ್ಟುಗಳನ್ನೂ ನೋಡಿದ್ದೇನೆ. ಬಾಗಿಲು ತೆಗೆದಿಟ್ಟರೆ ಸಾಕು ಅನ್ನುತ್ತಾರೆ. ಸಾಕಾಗಲ್ಲ. ಹಾಗೆ ಮಾಡೋದಾದರೆ ಈ ಕೆಲಸಕ್ಕೆ ಕೈ ಹಾಕಬಾರದು ಅಂತಲೇ ನನ್ನ ಅಭಿಪ್ರಾಯ.

ಎಂ, ಎಲ್ ಸೈಜುಗಳು ಚೆನ್ನಾಗಿ ಬಂದವು. ಎಕ್ಸೆಲ್ ಶುರುವಾದಾಗ ಓವನ್ ಕಡೆ ನಿಂತಿದ್ದ ಹುಡುಗ ಕೂಗಿದ. ಹಳದಿ ಹೋಗಿ ಸಾಸಿವೆ ಬಣ್ಣ ಬರುತ್ತಿತ್ತು. ಇಂಕು ಅದೇ, ಶಾಖ ಅದೇ, ಬೆಲ್ಟ್ ಅದೇ. ಬೆಲ್ಟ್ ಮೇಲೆ ಇನ್ನೂ ಒಂದಷ್ಟು ಶರ್ಟ್ ಸಾಲಾಗಿ ಹೋಗುತ್ತಿದ್ದವು, ನೋಡಿಕೊಂಡು ನಿಲ್ಲೋದು ಬಿಟ್ಟರೆ ಬೇರೆ ದಾರಿ ಇರಲಿಲ್ಲ. ಮಾಸ್ಟರ್ ಒಂದು ಎಲ್, ಒಂದು ಎಕ್ಸೆಲ್ ತಗೊಂಡು ಹೊರಗೆ ಬಿಸಿಲಿಗೆ ಹಿಡಿದರು. ಒಳಗೆ ಒಂದೇ ಥರ ಕಂಡ ಕಪ್ಪು ಅಲ್ಲಿ ಎರಡಾಯಿತು. ಒಂದರಲ್ಲಿ ನೀಲಿ ಛಾಯೆ, ಇನ್ನೊಂದರಲ್ಲಿ ಕೆಂಪು ಛಾಯೆ. ಸಪ್ಲೈ ಮಾಡಿದವರು ಎಕ್ಸೆಲ್ ಸಾಲದೆ ಬೇರೆ ಡೈ ಲಾಟಿನದು ಸೇರಿಸಿದ್ದರು, ಕಾರ್ಟನ್ ಮೇಲೆ ಲೇಬಲ್ ಮಾತ್ರ ಒಂದೇ. ಕಪ್ಪು ಅನ್ನೋದು ಸಾಮಾನ್ಯವಾಗಿ ಒಂದೇ ಡೈ ಅಲ್ಲ. ಕಡುನೀಲಿಗೆ ಕಿತ್ತಳೆ, ಕೆಂಪು ಬೆರೆಸಿ ಕಪ್ಪು ಮಾಡುತ್ತಾರೆ. ಅದರಲ್ಲಿ ನೀಲಿ ಹೋಗಿ ಉಳಿದದ್ದು ಪೂರ್ತಿ ಹೋಗದಿದ್ದರೆ ಅಡಿಯಲ್ಲಿ ಕಂದು ನಿಲ್ಲುತ್ತದೆ. ಆ ಕಂದಿನ ಮೇಲೆ ಹಳದಿ ಬಿದ್ದರೆ ಸಾಸಿವೆ. ಏಜೆಂಟ್ ಜಾಸ್ತಿ ಹಾಕಿದರೆ ಸರಿಹೋಗುತ್ತಾ ಅಂತ ಕೇಳಿದೆ. “ವಾಸನೆ ಜಾಸ್ತಿಯಾಗುತ್ತೆ, ಅಷ್ಟೇ” ಅಂದರು.

ಫೋನ್ ಮಾಡಿದರೆ ಸಪ್ಲೈಯರ್ “ಮೇಡಂ, ಬ್ಲ್ಯಾಕ್ ಬ್ಲ್ಯಾಕೇ ಅಲ್ವಾ” ಅಂದರು. ನಾನೇ ಮಾಸ್ಟರ್ ಹತ್ತಿರ ಆಡಿದ್ದ ಮಾತು. ಜಗಳ ಆಡೋಕೂ ಬಾಯಿ ಬರಲಿಲ್ಲ. ವಾಪಸ್ ಕಳಿಸಿ ಬೇರೆ ತರಿಸುವಷ್ಟು ಟೈಮೂ ಇರಲಿಲ್ಲ. ಉಳಿದ ಎಕ್ಸೆಲ್ಲುಗಳಿಗೆ 43ಟಿ ಮೆಶ್ಶಿನಲ್ಲಿ ಇನ್ನೊಂದು ಸ್ಕ್ರೀನ್ ಮಾಡಿಸಿದೆವು. ಟೈಟಾನಿಯಂ ಡೈಆಕ್ಸೈಡ್ ಅನ್ನುವ ಬಿಳಿ ಪಿಗ್ಮೆಂಟ್ ಇರುವ ಡಿಸ್ಚಾರ್ಜ್ ವೈಟ್ ಮೊದಲು ಎಳೆದು, ಅದು ಒದ್ದೆ ಇರುವಾಗಲೇ ಮೇಲೆ ಹಳದಿ ಎಳೆದೆವು. ಬಣ್ಣ ಸರಿಹೋಯಿತು. ಮುಟ್ಟಿದರೆ ಮಾತ್ರ ಎಕ್ಸೆಲ್ ಪ್ರಿಂಟ್ ಸ್ವಲ್ಪ ಕೈಗೆ ಸಿಗುತ್ತದೆ. ಬಳಗದವರಿಗೆ ಮೊದಲೇ ಹೇಳಿ ಒಪ್ಪಿಸಿದೆ. ಸಾಸಿವೆ ಬಣ್ಣದವನ್ನು ನಮ್ಮ ಹುಡುಗರು ಹಂಚಿಕೊಂಡರು, ಅವರಿಗೆ ಅದೇ ಇಷ್ಟವಾಯಿತಂತೆ.

ಮಕ್ಕಳ ಸೈಜೂ ಆರ್ಡರಿನಲ್ಲಿತ್ತು. ಅದಕ್ಕೆ ಡಿಸ್ಚಾರ್ಜ್ ಮಾಡಲ್ಲ ಅಂತ ಮೊದಲೇ ಅಂದಿದ್ದೆ. ಬಟ್ಟೆಯಲ್ಲಿ ಹಾನಿಕರ ರಾಸಾಯನಿಕ ಎಷ್ಟಿದೆ ಅಂತ ಪರೀಕ್ಷಿಸುವ ಓಕೋಟೆಕ್ಸ್ ಸ್ಟ್ಯಾಂಡರ್ಡ್ 100 ಪ್ರಕಾರ ಮೈಗೆ ತಾಗುವ ಬಟ್ಟೆಯಲ್ಲಿ ಫಾರ್ಮಾಲ್ಡಿಹೈಡ್ ಕೆಜಿಗೆ 75 ಮಿಲಿಗ್ರಾಂ ದಾಟಬಾರದು, ಪುಟ್ಟ ಮಕ್ಕಳದಕ್ಕೆ ಮಿತಿ ಇನ್ನೂ ಬಿಗಿ. ತೊಳೆದರೆ ಇಳಿಯುತ್ತದೆ ನಿಜ. ಆದರೂ ಮಗುವಿನ ಬಟ್ಟೆಗೆ ಆ ರಿಸ್ಕ್ ಯಾಕೆ? ಹಳದಿ ಶರ್ಟ್ ತರಿಸಿ, ಅದರ ಮೇಲೆ ಕೆಂಪನ್ನು ಬರೀ ವಾಟರ್ ಬೇಸಿನಲ್ಲಿ ಎಳೆದೆವು. ಏಜೆಂಟೂ ಇಲ್ಲ, ವಾಸನೆಯೂ ಇಲ್ಲ. ನೋಡೋಕೆ ಅವೇ ಎಲ್ಲಕ್ಕಿಂತ ಚೆನ್ನಾಗಿದ್ದವು ಅಂತ ನನಗೆ ಈಗಲೂ ಅನ್ನಿಸುತ್ತದೆ.

ದೊಡ್ಡವರ ಶರ್ಟುಗಳನ್ನೆಲ್ಲ ಒಂದು ವಾಶಿಂಗ್ ಯೂನಿಟ್ಟಿಗೆ ಕಳಿಸಿ ತೊಳೆಸಿದೆವು. ತೊಳೆಯದೆ ಮಡಚಿ ಪ್ಯಾಕ್ ಮಾಡಿದರೆ ಕವರ್ ತೆಗೆದ ಕೂಡಲೇ ವಾಸನೆ ಮುಖಕ್ಕೆ ಹೊಡೆಯುತ್ತದೆ. ಆಮೇಲೆ ರಬ್ ಟೆಸ್ಟ್. ಬಿಳಿ ಕಾಟನ್ ತುಂಡನ್ನು ಬೆರಳಿಗೆ ಸುತ್ತಿ ಪ್ರಿಂಟ್ ಮೇಲೆ ಉಜ್ಜೋದು, ಮೊದಲು ಒಣಗಿದ್ದು, ಆಮೇಲೆ ಒದ್ದೆ. ಹಳದಿ ಬಿಡಲಿಲ್ಲ. ಕೆಂಪು ಒದ್ದೆ ಬಟ್ಟೆಗೆ ತೆಳ್ಳಗೆ ಹತ್ತಿತು. ಇನ್ನೊಮ್ಮೆ ಓವನ್ನಿನಲ್ಲಿ ಬಿಟ್ಟ ಮೇಲೆ ಹತ್ತೋದು ಕಮ್ಮಿಯಾಯಿತು, ಪೂರ್ತಿ ನಿಲ್ಲಲಿಲ್ಲ. ಮೊದಲ ಒಗೆತದಲ್ಲಿ ಬಿಳಿ ಬಟ್ಟೆ ಜೊತೆ ಹಾಕಬೇಡಿ ಅಂತ ಚೀಟಿ ಇಟ್ಟೆವು.

ವಾಟರ್ ಬೇಸ್ ಅಂದರೆ ಪರಿಸರಕ್ಕೆ ಒಳ್ಳೇದು ಅಂತ ಎಲ್ಲರೂ ಹೇಳುತ್ತಾರೆ. ಪಿವಿಸಿ ಇಲ್ಲ, ಅಷ್ಟರಮಟ್ಟಿಗೆ ಸರಿ. ಆದರೆ ಸ್ಕ್ರೀನ್ ತೊಳೆದ ನೀರು, ಶರ್ಟ್ ತೊಳೆದ ನೀರು ಎಲ್ಲಿ ಹೋಗುತ್ತದೆ? ನಮ್ಮ ಏರಿಯಾದ ಮೋರಿಗಳೆಲ್ಲ ಸೇರೋದು ವೃಷಭಾವತಿ ನದಿಗೆ, ಅದರ ಗತಿ ಬೆಂಗಳೂರಿನಲ್ಲಿ ಯಾರಿಗೂ ಹೇಳಬೇಕಾಗಿಲ್ಲ. ಮಾಸ್ಟರ್ ತಿರುಪ್ಪೂರಿನಲ್ಲಿದ್ದಾಗ, 2011ರಲ್ಲಿ, ನೊಯ್ಯಲ್ ನದಿ ಕೆಟ್ಟ ಕಾರಣಕ್ಕೆ ಮದ್ರಾಸ್ ಹೈಕೋರ್ಟ್ ಅಲ್ಲಿನ ಡೈಯಿಂಗ್ ಯೂನಿಟ್ಟುಗಳನ್ನು ಮುಚ್ಚಿಸಿತ್ತು. ಅದನ್ನು ಕಣ್ಣಾರೆ ಕಂಡವರು ಅವರು. ಸ್ಕ್ರೀನಿನಲ್ಲಿ ಉಳಿದ ಇಂಕನ್ನು ನೀರಿಗೆ ಬಿಡಲು ಬಿಡಲ್ಲ. ಪೂರ್ತಿ ಕೆರೆದು ತಗಡಿನ ಮೇಲೆ ಹರಡಿ ಒಣಗಿಸುತ್ತಾರೆ. ಸ್ಕ್ರೀನ್ ತೊಳೆದ ನೀರು ಡ್ರಮ್ಮಿಗೆ ಹೋಗುತ್ತದೆ, ಮೋರಿಗೆ ಬಿಡಲ್ಲ. ಡ್ರಮ್ ತುಂಬಿದಾಗ ಟ್ರೀಟ್‌ಮೆಂಟ್ ಮಾಡುವವರು ದುಡ್ಡು ಇಸಕೊಂಡು ಒಯ್ಯುತ್ತಾರೆ. ಇದೆಲ್ಲ ಸೇರಿಸಿ ಪೀಸಿನ ರೇಟ್ ಹೇಳಿದರೆ ಗಿರಾಕಿಗಳಲ್ಲಿ ಅರ್ಧ ಜನ “ಪ್ಲಾಸ್ಟಿಸಾಲೇ ಮಾಡಿಕೊಡಿ” ಅನ್ನುತ್ತಾರೆ. ಅವರದು ತಪ್ಪು ಅಂತ ನಾನು ಹೇಳಲ್ಲ.

ರಾಜ್ಯೋತ್ಸವ ಮುಗಿದ ಮೇಲೆ, ಆ ಶರ್ಟ್ ನೋಡಿದ ಒಂದು ಕ್ರಿಕೆಟ್ ಟೀಮಿನವರು ಬಂದರು. ರಾಯಲ್ ಬ್ಲೂ ಶರ್ಟ್, ಅದರ ಮೇಲೆ ಬಿಳಿ ನಂಬರ್, ‘ಅದೇ ಥರ’ ಬೇಕು. ಮೊದಲು ಒಂದು ಶರ್ಟ್ ಕಳಿಸಿ ಅಂದೆ. ಬಂತು, ಚೌಕ ಎಳೆದೆವು, ಓವನ್ನಿಗೆ ಬಿಟ್ಟೆವು. ನೀಲಿ ಹಾಗೇ ಇತ್ತು, ಚೌಕದ ಜಾಗ ಒಂಚೂರು ಮಾಸಿತ್ತು ಅಷ್ಟೇ. ರಬ್ಬರ್ ಪ್ರಿಂಟ್ ಮಾಡಿ ಕೊಟ್ಟೆವು, ಖುಷಿಯಿಂದ ತಗೊಂಡು ಹೋದರು. ಅರ್ಧ ಪೇಮೆಂಟ್ ಇನ್ನೂ ಬರಬೇಕು.